ರೋಮಿನಿಂದ ಮಣ್ಣು ತರಲು ಹೋದ ಮಾವ

ನಮ್ಮ ಮಾವ ಬಾಳಾಸಾಬ ಪೈಲವಾನರು ಕುಸ್ತಿ ಬಿಟ್ಟು ಎಷ್ಟೋ ವರ್ಷವಾಯಿತು, ಕುಸ್ತಿ ಮಾತ್ರ ಅವರನ್ನು ಬಿಟ್ಟಿಲ್ಲ. ಚಹಾದ ಬಸಿಯನ್ನು ಹಿಡಿಯುವುದೂ ಎದುರಾಳಿಯ ಮುಂಗೈ ಹಿಡಿದಂತೆಯೇ. ಬಾಗಿಲಲ್ಲಿ ಯಾರಾದರೂ ಅಡ್ಡ ನಿಂತರೆ ಪಕ್ಕಕ್ಕೆ ಸರಿ ಎಂದು ಬಾಯಿಂದ ಹೇಳುವುದಿಲ್ಲ, ಭುಜದಿಂದ ಒತ್ತಿ ಸರಿಸುತ್ತಾರೆ. ನಾನು ನಿಪ್ಪಾಣಿಯ ಪೇಟೆಯಲ್ಲಿ ಬೆಳೆದವಳು. ಬೋರಗಾಂವಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಇದೆಲ್ಲ ಸಿಟ್ಟು ಎಂದು ತಿಳಿದು ಅಡುಗೆಮನೆಯಲ್ಲಿ ಕೂತು ಅತ್ತಿದ್ದೆ. ಅದು ಸಿಟ್ಟಲ್ಲ, ಅವರಿಗೆ ಪ್ರೀತಿ ಮಾಡುವುದಕ್ಕೂ ಪಟ್ಟು ಹಾಕುವುದಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲ ಎಂದು ಅತ್ತೆ ದುಂಡವ್ವ ತಿಳಿಸಿ ಹೇಳಿದ ಮೇಲೆ ನನಗೆ ಸಮಾಧಾನವಾಯಿತು.

ಮಾವನ ಬಳಿ ಒಂದೇ ಒಂದು ಕಥೆ ಇದೆ. ಚಿಕ್ಕೋಡಿಯ ಮೈದಾನದಲ್ಲಿ ದಿಗ್ಗೇವಾಡಿಯ ಭೀಮಸಿ ಪೈಲವಾನನನ್ನು ಚಿತ್ತು ಮಾಡಿದ ಕಥೆ. ನಾನು ಹುಟ್ಟುವ ಮೊದಲಿನ ಕುಸ್ತಿ ಅದು, ಆದರೂ ಕಣ್ಣಾರೆ ಕಂಡವಳಂತೆ ಹೇಳಬಲ್ಲೆ, ಅಷ್ಟು ಸಲ ಕೇಳಿದ್ದೇನೆ. ಹಲಗಿ ವಾದ್ಯದ ಬಡಿತ, ಹೊತ್ತು ಮುಳುಗುವ ತನಕ ಇಬ್ಬರಲ್ಲಿ ಒಬ್ಬರೂ ಬೀಳದೆ ಇದ್ದದ್ದು, ಕೊನೆಗೆ ಮಾವ ಭೀಮಸಿಯ ಕಾಲು ಸುತ್ತಿ ಎತ್ತಿ ಒಗೆದದ್ದು. ಕಥೆ ಪ್ರತಿ ಸಲವೂ ಒಂದೇ ಕಡೆ ಮುಗಿಯುತ್ತದೆ. "ಬೆನ್ನಿಗೆ ಮಣ್ಣ ಹತ್ತಿತ್ತು. ಮಂದಿ ನನ್ನ ಹೆಗಲ ಮ್ಯಾಲ ಹೊತ್ತಕೊಂಡು ಕುಣದ್ರು." ಭೀಮಸಿ ಮಾತ್ರ, ಒಂದು ಭುಜವಷ್ಟೇ ನೆಲಕ್ಕೆ ತಾಗಿತ್ತು, ಇನ್ನೊಂದು ತಾಗಿರಲಿಲ್ಲ, ಎರಡೂ ತಾಗದೆ ಸೋಲಲ್ಲ ಎಂದು ಇವತ್ತಿಗೂ ಹೇಳುತ್ತಾನಂತೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರಿಗೆ ಏನು ಹೇಳುವುದು ಎಂದು ಮಾವ ನಗುತ್ತಾರೆ.

ನಮ್ಮ ಕಡೆ ಕುಸ್ತಿ ಎದುರಾಳಿಯನ್ನು ಕೆಡವಿದಲ್ಲಿಗೆ ಮುಗಿಯುವುದಿಲ್ಲ. ಗೆದ್ದವನು ಸೋತವನ ಕೈ ಹಿಡಿದು ಎಬ್ಬಿಸಬೇಕು, ಅವನ ಬೆನ್ನಿನ ಮಣ್ಣನ್ನು ತನ್ನ ಕೈಯಾರೆ ಝಾಡಿಸಬೇಕು, ಆಮೇಲೆ ಇಬ್ಬರೂ ನೆಲ ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು. ತಾಲೀಮಿನಲ್ಲಿ, ಅಂದರೆ ನಮ್ಮೂರ ಗರಡಿಮನೆಯಲ್ಲಿ, ಮಾವ ಇದನ್ನು ಎಷ್ಟು ಕಟ್ಟುನಿಟ್ಟಾಗಿ ಕಲಿಸುತ್ತಾರೆಂದರೆ, ಗೆದ್ದ ಖುಷಿಯಲ್ಲಿ ಕುಣಿಯುತ್ತ ಓಡಿದವನನ್ನು ಕಿವಿ ಹಿಡಿದು ವಾಪಸು ಕರೆತಂದದ್ದನ್ನು ನಾನೇ ನೋಡಿದ್ದೇನೆ. ಅವರ ಸ್ವಂತ ಕಥೆಯಲ್ಲಿ ಮಾತ್ರ ಈ ಭಾಗ ಬರುವುದಿಲ್ಲ. ಆಮೇಲೇನಾಯಿತು ಎಂದು ಒಮ್ಮೆ ಕೇಳಿದ್ದಕ್ಕೆ, ಎಮ್ಮೆಗೆ ನೀರು ಕುಡಿಸಿದ್ದೀರೋ ಇಲ್ಲವೋ ಎಂದು ಎದ್ದು ಹೋದರು.

ಉಳಿದದ್ದನ್ನು ಹೇಳಿದವರು ಅತ್ತೆ. ಜನ ಮಾವನನ್ನು ಹೊತ್ತು ಮೆರೆಸುವಾಗ ಭೀಮಸಿ ಮೊಣಕಾಲು ತಿರುಚಿಕೊಂಡು ಅಲ್ಲೇ ಬಿದ್ದಿದ್ದ, ಗೆದ್ದವನು ಎಬ್ಬಿಸಲು ಬರುತ್ತಾನೆಂದು ಕೈ ಚಾಚಿಕೊಂಡೇ ಇದ್ದ. ಮಾವ ಹೆಗಲಿನಿಂದ ಇಳಿಯುವಷ್ಟರಲ್ಲಿ ಅವನ ಊರವರು ಅವನನ್ನು ಬಂಡಿಗೆ ಹಾಕಿಕೊಂಡು ಹೋಗಿದ್ದರು. ಆ ಮೇಲೆ ಭೀಮಸಿ ಲಂಗೋಟಿ ಕಟ್ಟಲಿಲ್ಲ. ಇಬ್ಬರ ನಡುವೆ ಮಾತೂ ನಿಂತಿತು. ಅತ್ತೆಗೆ ಇದೆಲ್ಲ ಹೇಗೆ ಗೊತ್ತೆಂದರೆ, ಅವರ ತವರು ದಿಗ್ಗೇವಾಡಿಯೇ, ಅದೂ ಭೀಮಸಿಯ ಓಣಿಯೇ. ಹೆಂಡತಿಯ ತವರಿಗೆ ಮಾವ ಹೋಗುವುದು ಊರ ಫಾಟಾದವರೆಗೆ, ಅಂದರೆ ಊರಿಗೆ ದಾರಿ ಒಡೆಯುವ ಕ್ರಾಸಿನವರೆಗೆ ಮಾತ್ರ. ಹೆಂಡತಿಯನ್ನು ಅಲ್ಲಿ ಇಳಿಸಿ, ಚಹಾ ಕೂಡ ಕುಡಿಯದೆ ಗಾಡಿ ತಿರುಗಿಸುತ್ತಾರೆ. ಅತ್ತೆಯ ತಮ್ಮನ ಮದುವೆಯಲ್ಲೂ ಅಕ್ಷತೆ ಹಾಕಿದ್ದು ಫಾಟಾದಲ್ಲೇ ನಿಂತು ಎಂದು ನನ್ನ ಗಂಡ ಭರತ ಚೇಷ್ಟೆ ಮಾಡುತ್ತಾರೆ.

ಇಷ್ಟು ಹಿಂದಿನದು. ಈಗ ಮಣ್ಣಿನ ವಿಷಯಕ್ಕೆ ಬರುತ್ತೇನೆ.

ಮಹಾಪೂರ ಬಂದ ವರ್ಷ ದೂಧಗಂಗೆ ನಮ್ಮೂರ ತಾಲೀಮಿನೊಳಗೆ ನುಗ್ಗಿ ಅಖಾಡದ ಕೆಂಪು ಮಣ್ಣಿನಲ್ಲಿ ಒಂದು ಬುಟ್ಟಿಯಷ್ಟು ಬಿಟ್ಟು ಉಳಿದದ್ದನ್ನೆಲ್ಲ ಒಯ್ದಿತ್ತು. ಗೋಡೆ ಕಟ್ಟುವುದಕ್ಕೇ ಕೆಲವು ವರ್ಷ ಹಿಡಿಯಿತು. ಹೊಸ ಅಖಾಡಕ್ಕೆ ಎಲ್ಲಿಂದಲೋ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಸುರಿದರೆ ಆಗುವುದಿಲ್ಲ. ಊರಿನ ಪೈಲವಾನರು ಎಲ್ಲೆಲ್ಲಿಯವರ ಜೋಡಿ ಕುಸ್ತಿ ಹಿಡಿದಿದ್ದಾರೋ ಆ ಎಲ್ಲ ತಾಲೀಮುಗಳಿಂದ ಒಂದೊಂದು ಮುಷ್ಟಿ ಮಣ್ಣು ಬಂದು ಸೇರಬೇಕು. ಬರಿಗೈಯಲ್ಲಿ ಕೇಳುವ ಹಾಗಿಲ್ಲ, ನಮ್ಮದು ಒಂದು ಮುಷ್ಟಿ ಕೊಟ್ಟು ಅವರದು ಒಂದು ಮುಷ್ಟಿ ತರಬೇಕು. ಹುಡುಗರು ಮೋಟಾರ್ ಸೈಕಲ್ ಹತ್ತಿ ಕೊಲ್ಹಾಪುರ, ಸಾಂಗ್ಲಿ, ಅಥಣಿ ಎಂದು ತಿರುಗಿ ತಂದರು. ಉಳಿದದ್ದು ದಿಗ್ಗೇವಾಡಿ. ಅದನ್ನು ತರಬೇಕಾದವರು ಮಾವ, ಏಕೆಂದರೆ ಅಲ್ಲಿಯವರ ಜೋಡಿ ಕುಸ್ತಿ ಹಿಡಿದವರು ಅವರೇ. ಬೇರೆ ಯಾರು ತಂದರೂ ಲೆಕ್ಕಕ್ಕಿಲ್ಲ.

ಹೋಟೆಲ್ಲಿನ ಕಟ್ಟೆಯ ಮೇಲೆ ಕೂತವರು ದಿನಾ ಕೆಣಕಲು ಶುರು ಮಾಡಿದರು. ಎಲ್ಲರಿಗಿಂತ ಹೆಚ್ಚು ಕೆಣಕಿದವನು ಮಗ್ಗದ ಲಕ್ಷ್ಮಣ. ಪೈಲವಾನರು ಮಣ್ಣು ತರದಿದ್ದರೆ ಅಖಾಡದ ಒಂದು ಮೂಲೆ ಖಾಲಿ ಬಿಡೋಣ, ಅಲ್ಲಿ ಕೋಳಿ ಸಾಕೋಣ ಎಂದನಂತೆ. ಮಾವ ಮನೆಗೆ ಬಂದು ಬಾಗಿಲನ್ನು ಭುಜದಿಂದ ತಳ್ಳಿದ ರಭಸಕ್ಕೆ ಚಿಲಕ ಕಿತ್ತು ಬಂತು.

ಅದೇ ವಾರ ನಮಗೆ ವಿದೇಶದ ಯೋಗ ಬಂತು. ಭರತ ನಿಪ್ಪಾಣಿಯಲ್ಲಿ ಗೊಬ್ಬರ, ಔಷಧದ ಅಂಗಡಿ ಇಟ್ಟಿದ್ದಾರೆ. ಹೇಳಿದಷ್ಟು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ಹೆಂಡತಿಯ ಸಮೇತ ಯುರೋಪಿಗೆ ಕರೆದೊಯ್ಯುತ್ತಾರೆ. ಆ ವರ್ಷ ಕಬ್ಬಿಗೂ ದ್ರಾಕ್ಷಿಗೂ ರೋಗ ಬಿದ್ದಿತ್ತು, ಔಷಧವೆಲ್ಲ ಮಾರಿ ಖಪ್ಪಾಯಿತು, ನಮ್ಮ ಹೆಸರು ಬಂತು. ರೈತರ ಬೆಳೆಗೆ ಹುಳ ಬಿದ್ದದ್ದಕ್ಕೆ ನಾವು ವಿಮಾನ ಹತ್ತುವುದು ಸರಿಯೇ ಎಂದು ನನ್ನ ಮನಸ್ಸಿಗೆ ಬಂದದ್ದು ನಿಜ, ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಎಲ್ಲರಿಗಿಂತ ಮೊದಲು ಓಡಿದ್ದೂ ನಾನೇ. ನಮ್ಮ ಖರ್ಚಿನಲ್ಲಿ ಅತ್ತೆ ಮಾವನನ್ನೂ ಕೂಡಿಸಿಕೊಳ್ಳೋಣ ಎಂದು ಭರತ ಹೇಳಿದರು. ಎಮ್ಮೆಯ ಗತಿ ಏನು ಎಂದು ಮಾವ ತಕರಾರು ತೆಗೆದರು. ಆಗ ಭರತ ಮೊಬೈಲಿನಲ್ಲಿ ನೋಡುವ ಜಾಗಗಳ ಚಿತ್ರ ತೋರಿಸುತ್ತ ಹೋದರು. ಎತ್ತರದ ಗೋಪುರಕ್ಕೆ ಮಾವ ಹ್ಞೂಂ ಎನ್ನಲಿಲ್ಲ, ಹಿಮದ ಬೆಟ್ಟಕ್ಕೂ ಎನ್ನಲಿಲ್ಲ. ರೋಮಿನ ಕೊಲೋಸಿಯಮ್ ಬಂದ ಕೂಡಲೇ ಮೊಬೈಲನ್ನು ಕಸಿದುಕೊಂಡರು.

"ಇದ ಕುಸ್ತಿ ಮೈದಾನ ಐತಲ್ಲೋ ಭರತ!"

ಹೌದು, ಅಲ್ಲಿ ಮಲ್ಲರು ಕಾದಾಡುತ್ತಿದ್ದರು, ಎರಡು ಸಾವಿರ ವರ್ಷದ ಹಳೆಯದು, ಐವತ್ತು ಸಾವಿರ ಜನ ಕೂತು ನೋಡುತ್ತಿದ್ದರಂತೆ ಎಂದು ಭರತ ಓದಿ ಹೇಳಿದರು. ಮಾವ ಅಂಗಿ ಹಾಕಿಕೊಂಡು ಸೀದಾ ಹೋಟೆಲ್ಲಿಗೆ ಹೋದರು. ದಿಗ್ಗೇವಾಡಿಯ ಮಣ್ಣು ಯಾರಿಗೆ ಬೇಕು, ಜಗತ್ತಿನ ಎಲ್ಲಕ್ಕಿಂತ ದೊಡ್ಡ ಅಖಾಡದಿಂದ ಮಣ್ಣು ತರುತ್ತೇನೆ, ಆ ಮೂಲೆಗೆ ಅದನ್ನೇ ಹಾಕುತ್ತೇನೆ ಎಂದು ಲಕ್ಷ್ಮಣನ ಮುಂದೆ, ಇಡೀ ಕಟ್ಟೆಯ ಮುಂದೆ ಮಾತು ಕೊಟ್ಟು ಬಂದರು. ಆಡಿದ ಮಾತು, ಒಡೆದ ಮುತ್ತು. ನಾವು ವಾಪಸು ಬಂದ ಮರುವಾರವೇ ಹೊಸ ಅಖಾಡದ ಪೂಜೆ ಎಂದು ನಿಶ್ಚಯವಾಯಿತು. ಆ ಮಾತು ನಮಗೆ ತಿಳಿದದ್ದು ಊರಿಗೆಲ್ಲ ತಿಳಿದ ಮೇಲೆ.

ಮಣ್ಣು ಗಿಣ್ಣು ವಿಮಾನದಲ್ಲಿ ತರಲು ಬಿಡುವುದಿಲ್ಲ, ಅಲ್ಲಿಯ ಕಲ್ಲು ಮುಟ್ಟಿದರೂ ದಂಡ ಎಂದು ನಾನು ತಿಳಿಸಿ ಹೇಳಿದೆ. ಮಾವ ಎಲ್ಲವನ್ನೂ ಕೇಳಿಕೊಂಡು ತಲೆಯಾಡಿಸಿದರು. ಅವರು ಅಷ್ಟು ಬೇಗ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಅತ್ತೆ ಕಟ್ಟಿಕೊಂಡ ಬುತ್ತಿಯ ಬಗ್ಗೆ ಹೇಳಲೇಬೇಕು. ಕಟಕ ರೊಟ್ಟಿಯ ಒಂದು ದೊಡ್ಡ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಒಂದೊಂದೂ ಒಂದೊಂದು ಪ್ಲಾಸ್ಟಿಕ್ ಪೊಟ್ಟಣ. ಪ್ಯಾರಿಸ್ಸಿನಲ್ಲಿ ಎರಡು ದಿನ ಬ್ರೆಡ್ಡು ತಿಂದು ಬಾಯಿ ಕೆಟ್ಟ ಮೇಲೆ, ಸ್ವಿಟ್ಜರ್ಲೆಂಡಿನ ಹೋಟೆಲ್ ಕೋಣೆಯಲ್ಲಿ ಹಾಸಿಗೆಯ ಮೇಲೆ ಪೇಪರು ಹಾಸಿ ಗಂಟು ಬಿಚ್ಚಿದೆವು. ಕಿಟಕಿಯ ಹೊರಗೆ ಹಿಮ, ಒಳಗೆ ರೊಟ್ಟಿ ಮುರಿಯುವ ಸದ್ದು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಕುಣಿಯುವುದೊಂದು ಬಾಕಿ. ಭರತ ಕೆಂಪು ಪೊಟ್ಟಣ ಬಿಚ್ಚಿ, ಮೊಸರಿನಲ್ಲಿ ಕಲಸಿ, ದೊಡ್ಡ ತುತ್ತು ಬಾಯಿಗಿಟ್ಟರು. ಎರಡು ಸಲ ಅಗಿದರು. ಆಮೇಲೆ ಅಗಿಯಲಿಲ್ಲ.

"ಅವ್ವಾ, ಚಟ್ನಿ ಎಲ್ಲಿ ಕುಟ್ಟೀದಿ? ಬರೇ ಹರಳ ಹಲ್ಲಿಗೆ ಹತ್ತಾಕತ್ತಾವ."

ಅತ್ತೆ ಮೂಸಿ ನೋಡಿದರು. ಅರಿಷಿಣ, ಹುಳಿ ಮಜ್ಜಿಗೆ, ನಿಂಬೆ, ಎಣ್ಣೆ. ಅಖಾಡದ ಮಣ್ಣಿಗೆ ಇವನ್ನೆಲ್ಲ ಹಾಕಿ ಹದ ಮಾಡುತ್ತಾರೆ, ಹಾಗಾಗಿ ಆ ವಾಸನೆ ಪೈಲವಾನನ ಹೆಂಡತಿಗೆ ಎಲ್ಲಿದ್ದರೂ ಗೊತ್ತಾಗುತ್ತದೆ. ಎಲ್ಲರೂ ಮಾವನ ಕಡೆ ನೋಡಿದೆವು. ಅವರು ಗಂಭೀರವಾಗಿ ಹಿಮ ನೋಡುತ್ತಿದ್ದರು. ಬರಿಗೈಯಲ್ಲಿ ಮಣ್ಣು ಕೇಳುವುದು ನಮ್ಮ ತಾಲೀಮಿನ ರೀತಿಯಲ್ಲ, ಕೊಡುವ ಮಣ್ಣನ್ನು ಎಲ್ಲಾದರೂ ಇಡಬೇಕಿತ್ತಲ್ಲ ಎಂದು ಕೊನೆಗೆ ಗೊಣಗಿದರು. ಅತ್ತೆ ಒಂದು ಅಕ್ಷರ ಬೈಯಲಿಲ್ಲ. ಉಳಿದ ಮಣ್ಣನ್ನು ಗಟ್ಟಿಯಾಗಿ ಗಂಟು ಹಾಕಿ ತಮ್ಮ ಬಟ್ಟೆಯ ಚೀಲಕ್ಕೆ ಸೇರಿಸಿದರು. ನನಗೆ ಆಗ ಅತ್ತೆಯ ಮೇಲೆ ಸಿಟ್ಟು ಬಂತು, ಸಿಕ್ಕಿಬಿದ್ದರೆ ಪೊಲೀಸರಿಗೆ ಉತ್ತರ ಕೊಡಬೇಕಾದವಳು ಇಂಗ್ಲಿಷು ಬರುವ ನಾನು ತಾನೇ?

ರೋಮಿಗೆ ಬಂದ ದಿನ ಮಾವ ಹೊತ್ತು ಹುಟ್ಟುವ ಮೊದಲೇ ಸ್ನಾನ ಮಾಡಿ ಕೂತಿದ್ದರು. ಇಸ್ತ್ರಿಯ ಧೋತರ, ಬಿಳಿ ಅಂಗಿ, ತಲೆಗೆ ಗುಲಾಬಿ ಬಣ್ಣದ ಪಟಕಾ. ಉಪವಾಸ ಬೇರೆ, ಅಖಾಡಕ್ಕೆ ಉಂಡು ಇಳಿಯಬಾರದಂತೆ. ನಮ್ಮ ಗುಂಪಿನ ಜವಾಬ್ದಾರಿ ಹೊತ್ತ ಸಮ್ಮೇದ ಎಂಬವರು ಕಾಗವಾಡ ಕಡೆಯವರು, ಪ್ರವಾಸ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು, ನಮ್ಮ ಭಾಷೆಯಲ್ಲೇ ಎಲ್ಲ ವಿವರಿಸುತ್ತಿದ್ದರು. ಮಾವನ ಪಟಕಾ ಇದ್ದುದರಿಂದ ತಮ್ಮ ಬಾವುಟದ ಕೆಲಸ ತಪ್ಪಿತು, ಗುಂಪಿನವರು ಅದನ್ನು ನೋಡಿಕೊಂಡೇ ಬರುತ್ತಾರೆ ಎಂದು ನಕ್ಕರು.

ರಸ್ತೆಯ ತಿರುವು ದಾಟಿದಾಗ ಅದು ಕಂಡಿತು. ನಾನು ಚಿತ್ರದಲ್ಲಿ ನೂರು ಸಲ ನೋಡಿದ್ದೆ, ಆದರೂ ಕಾಲು ನಿಂತುಬಿಟ್ಟಿತು. ಕಮಾನಿನ ಮೇಲೆ ಕಮಾನು, ಅದರ ಮೇಲೆ ಇನ್ನೊಂದು ಸಾಲು, ಒಂದು ಕಡೆ ಮುರಿದು ಬಿದ್ದರೂ ತಲೆ ತಗ್ಗಿಸದ ಆ ಗೋಡೆ, ಅದರ ತೂತುಗಳಿಂದ ನೀಲಿ ಆಕಾಶ. ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು, ಇದನ್ನು ಕಟ್ಟಿದವರ ತಾಯಂದಿರು ಎಂಥ ಹಾಲು ಕುಡಿಸಿದ್ದರೋ ಎಂದರು. ಮಾವ ಪಟಕಾ ಸರಿಮಾಡಿಕೊಂಡು ನಮಗಿಂತ ಮುಂದೆ ನಡೆದರು. ಬಾಗಿಲಿಗೆ ಬಂದ ಕೂಡಲೇ ಚಪ್ಪಲಿ ಕಳಚಿ, ಬಗ್ಗಿ ಹೊಸ್ತಿಲ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದಿನ ಸಾಲು ಗಕ್ಕನೆ ನಿಂತಿತು. ತಪಾಸಣೆಯವನು ಇದು ವಿಮಾನ ನಿಲ್ದಾಣವಲ್ಲ, ಚಪ್ಪಲಿ ತೆಗೆಯುವುದು ಬೇಡ ಎಂದು ಕೈಸನ್ನೆ ಮಾಡಿದ. ಮಾವ ಅವನಿಗೊಂದು ನಮಸ್ಕಾರ ಹಾಕಿ, ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟು ಬರಿಗಾಲಲ್ಲಿ ಒಳಗೆ ಹೋದರು. ಜಗತ್ಪ್ರಸಿದ್ಧ ಜಾಗವನ್ನು ನಾನು ಕೊಲ್ಹಾಪುರಿ ಚಪ್ಪಲಿ ಎತ್ತಿಕೊಂಡೇ ನೋಡಿದ್ದೇನೆ.

ಸೊಂಟ ನೋವೆಂದು ಮನೆಯ ಎರಡು ಮೆಟ್ಟಿಲಿಗೆ ಗೋಡೆ ಹಿಡಿಯುವ ಮನುಷ್ಯ ಅಲ್ಲಿಯ ಎತ್ತರದ ಮೆಟ್ಟಿಲುಗಳನ್ನು ದಡದಡ ಹತ್ತಿದರು. ಮೇಲಿನಿಂದ ಇಡೀ ಸುತ್ತು ಕಂಡಾಗ ಅವರ ಬಾಯಿ ಬಿಚ್ಚಿತು. ಹಲಗಿಯವರು ಅಲ್ಲಿ ಕೂರಬೇಕು, ಪಂಚರು ಇಲ್ಲಿ, ಚಿಕ್ಕೋಡಿ, ರಾಯಬಾಗ, ಅಥಣಿ ಮೂರೂ ತಾಲೂಕಿನ ಮಂದಿ ಬಂದರೂ ಇನ್ನೂ ಜಾಗ ಉಳಿಯುತ್ತದೆ, ಕಬ್ಬಿನ ಗಾಡಿ ನಿಲ್ಲಿಸುವುದಕ್ಕೊಂದು ಮೈದಾನ ಬೇಕಾಗುತ್ತದೆ ಅಷ್ಟೆ ಎಂದು ಕೈ ಬೀಸಿ ತೋರಿಸಿದರು. ಅಕ್ಕಪಕ್ಕದ ಯಾವುದೋ ದೇಶದವರು ಅವರ ಫೋಟೋ ತೆಗೆದುಕೊಂಡರು. ಮಾವ ಮೀಸೆ ತಿರುವಿ ನಿಂತರು. ಅವರನ್ನು ಅಷ್ಟು ಸಂತೋಷದಲ್ಲಿ ನಾನು ಅದುವರೆಗೆ ನೋಡಿರಲಿಲ್ಲ.

ಆಮೇಲೆ ಕೆಳಗೆ ನೋಡಿದರು. ನಡುವೆ ನೆಲವೇ ಇರಲಿಲ್ಲ. ಅಖಾಡ ಇರಬೇಕಾದಲ್ಲಿ ಇಟ್ಟಿಗೆಯ ಗೋಡೆಗಳು, ಇಕ್ಕಟ್ಟಾದ ಓಣಿಗಳು, ಕತ್ತಲೆ ಗೂಡುಗಳು ಬಾಯಿ ತೆರೆದುಕೊಂಡಿದ್ದವು. ಮಣ್ಣೆಲ್ಲಿ ಎಂದು ಮಾವ ಕೇಳಿದರು. ಆಗ ಮರದ ಹಲಗೆಯ ನೆಲವಿತ್ತು, ಅದರ ಮೇಲೆ ಮರಳು ಹಾಸುತ್ತಿದ್ದರು, ಈಗ ಹಲಗೆಯೂ ಇಲ್ಲ ಮರಳೂ ಇಲ್ಲ, ಒಂದು ಕಡೆ ಮಾತ್ರ ಹೊಸದಾಗಿ ಹಲಗೆ ಕಟ್ಟಿದ್ದಾರೆ, ನಮ್ಮ ಟಿಕೆಟಿಗೆ ಅಲ್ಲಿ ನಿಲ್ಲಲು ಬಿಡುತ್ತಾರೆ ಎಂದು ಸಮ್ಮೇದರು ಹೇಳಿದರು. ಮಾವನ ಮುಖ ಸಣ್ಣದಾಯಿತು. ಆದರೂ ಹಲಗೆಯಾದರೇನು, ಸಂದಿಯಲ್ಲಿ ಚಿಟಿಕೆ ಮರಳಾದರೂ ಇದ್ದೀತು ಎಂದು ಮೆಟ್ಟಿಲು ಇಳಿದರು.

ಮಲ್ಲರು ಒಳಗೆ ಬರುತ್ತಿದ್ದ ದೊಡ್ಡ ಕಮಾನಿನಿಂದಲೇ ನಾವು ಆ ಹಲಗೆಯ ನೆಲಕ್ಕೆ ಬಂದೆವು. ಸುತ್ತಲೂ ಗೋಡೆಗಳು ಎದ್ದು ನಿಂತಿದ್ದವು. ಅಲ್ಲಿ ನಡುವೆ ನಿಂತಾಗ ಮೈಮೇಲೆ ಮುಳ್ಳೆದ್ದವು, ಸುಳ್ಳು ಹೇಳುವುದಿಲ್ಲ. ಮಾವ ತೊಡೆ ತಟ್ಟಿದರು. ಒಂದೇ ಸಲ, ಆದರೆ ಆ ಸದ್ದಿಗೆ ಹತ್ತಿರದವರೆಲ್ಲ ತಿರುಗಿ ನೋಡಿದರು. ಭರತ ನಾಚಿಕೊಂಡು ಬೇರೆ ಗುಂಪಿನವರಂತೆ ದೂರ ಸರಿದರು, ನಾನು ಮಾತ್ರ ಚಪ್ಪಲಿಯನ್ನು ಕಂಕುಳಲ್ಲಿ ಒತ್ತಿಕೊಂಡು ಚಪ್ಪಾಳೆ ಹೊಡೆದೆ.

ಆಮೇಲೆ ಮಾವ ಸಮ್ಮೇದರನ್ನು ಕೇಳಿದರು. "ಇಲ್ಲಿ ಸೋತಾವನ್ನ ಯಾರ ಎಬ್ಬಸ್ತಿದ್ರು?"

ಎಬ್ಬಿಸುತ್ತಿರಲಿಲ್ಲ ಎಂದರು ಸಮ್ಮೇದರು. ಕತ್ತಿ, ಈಟಿ ಹಿಡಿದು ಕಾದುತ್ತಿದ್ದರು. ಅವರಲ್ಲಿ ಬಹಳ ಮಂದಿ ಗುಲಾಮರು. ಸೋತು ಬಿದ್ದವನು ಕೈ ಎತ್ತಿ ಜೀವ ಬೇಡುತ್ತಿದ್ದ, ಆಟ ನಡೆಸಿದವನು ಬಿಡು ಎಂದರೆ ಬದುಕುತ್ತಿದ್ದ, ಇಲ್ಲವಾದರೆ ಅಲ್ಲೇ ಮುಗಿಸುತ್ತಿದ್ದರು. ಆ ಎದುರಿನ ಬಾಗಿಲಿನಿಂದ ಹೆಣ ಎಳೆದೊಯ್ಯುತ್ತಿದ್ದರು ಎನ್ನುತ್ತಾರೆ. ಮರಳು ಹಾಸುತ್ತಿದ್ದುದು ರಕ್ತ ಹೀರಲಿ ಎಂದು.

ಮಾವ ಆ ಬಾಗಿಲಿನ ಕಡೆ ತಿರುಗಿ ನಿಂತರು. ನಮ್ಮ ತಾಲೀಮಿನಲ್ಲಿ ಮಣ್ಣಿಗೆ ಮಜ್ಜಿಗೆ, ಎಣ್ಣೆ ಹಾಕಿ ಸಲಿಕೆಯಿಂದ ಅಗೆದು ಮೆತ್ತಗೆ ಮಾಡುವುದು ಬಿದ್ದವನ ಬೆನ್ನಿಗೆ ಪೆಟ್ಟಾಗದಿರಲಿ ಎಂದು. ಅದನ್ನು ಅವರು ಹುಡುಗರಿಗೆ ದಿನಾ ಹೇಳುತ್ತಾರೆ.

"ಸೋತಾವನ್ನ ಕೊಂದ್ರ," ಎಂದರು ಮಾವ, "ನಾಳೆ ಕುಸ್ತಿ ಯಾರ ಜೋಡಿ ಹಿಡಿಯೂದು?"

ಅತ್ತೆ ಚೀಲದಿಂದ ಮಣ್ಣಿನ ಗಂಟು ತೆಗೆದು ಅವರ ಕೈಗಿಟ್ಟರು. ಹಲಗೆಯ ಅಂಚಿನಲ್ಲಿ, ಕೆಳಗಿನ ಕತ್ತಲೆ ಓಣಿಗಳ ಮೇಲೆ ಕಟಕಟೆ ಇತ್ತು. ನಾನು ಬೇಡ ಎನ್ನಲು ಬಾಯಿ ತೆರೆದೆ, ಅತ್ತೆ ನನ್ನ ಮುಂಗೈ ಹಿಡಿದರು. ಪೈಲವಾನನ ಹೆಂಡತಿಯ ಹಿಡಿತವೂ ಸಾಮಾನ್ಯದ್ದಲ್ಲ. ಮಾವ ಚಿಟಿಕೆ ಮಣ್ಣನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಮುಷ್ಟಿಯಲ್ಲಿ ಹಿಡಿದು ಕಟಕಟೆಯಾಚೆ ಬಿಟ್ಟರು. ಬೋರಗಾಂವದ ಕೆಂಪು ಮಣ್ಣು ಅರಿಷಿಣದ ವಾಸನೆ ಬೀರುತ್ತ ಆ ಓಣಿಗಳಿಗೆ ಇಳಿದು ಹೋಯಿತು.

ಕಾವಲಿನ ಹೆಂಗಸೊಬ್ಬಳು ಬಂದಳು. ನಾನು ನಾಲ್ಕು ಇಂಗ್ಲಿಷ್ ವಾಕ್ಯ ಸಿದ್ಧ ಮಾಡಿಕೊಂಡೆ. ಅವಳು ಮಾವನ ಮುಖ ನೋಡಿ ಸಮ್ಮೇದರಿಗೆ ಏನೋ ಕೇಳಿದಳು. ಅಜ್ಜನಿಗೆ ಆರಾಮಿಲ್ಲವೇ, ನೀರು ಬೇಕೇ ಎಂದು ಕೇಳುತ್ತಿದ್ದಾಳೆ ಎಂದರು ಸಮ್ಮೇದರು. ಆಗ ನಾನು ನೋಡಿದೆ, ಮಾವ ಅಳುತ್ತಿದ್ದರು. ಮೀಸೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಭರತ ಹತ್ತಿರ ಬಂದು, ಕೊಟ್ಟದ್ದಾಯಿತಲ್ಲ, ತೆಗೆದುಕೊಳ್ಳುವುದು ಹೇಗೆ ಎಂದು ಪಿಸುಗುಟ್ಟಿದರು. ಮಾವ ತಲೆ ಅಲ್ಲಾಡಿಸಿದರು. ಇಲ್ಲಿಯ ಮಣ್ಣು ನಮ್ಮ ಅಖಾಡಕ್ಕೆ ಬೇಡ, ಆ ಮಣ್ಣಿನ ಮೇಲೆ ಹುಡುಗರನ್ನು ಇಳಿಸಲಾರೆ ಎಂದರು. ಮತ್ತೆ ಊರಿನಲ್ಲಿ ಕೊಟ್ಟ ಮಾತು? ಲಕ್ಷ್ಮಣ? ಕೋಳಿ ಸಾಕುವ ಮೂಲೆ? ಅದಕ್ಕೆ ಉತ್ತರ ಕೊಟ್ಟವರು ಅತ್ತೆ. ಇಷ್ಟು ವರ್ಷ ಫಾಟಾದಲ್ಲಿ ಇಳಿದು ಬಿಸಿಲಿನಲ್ಲಿ ತವರಿಗೆ ಒಬ್ಬಳೇ ನಡೆದ ಹೆಂಗಸು ಗಂಡನ ಮುಖವನ್ನು ನೇರವಾಗಿ ನೋಡಿ ಹೇಳಿದರು.

"ಸತ್ತಾವರಿಗೆ ಯಾಕ ಅಳ್ತೀರಿ? ನೀವ ಎಬ್ಬಸಲಾರದಾಂವ ಒಬ್ಬ ದಿಗ್ಗೇವಾಡ್ಯಾಗ ಇನ್ನೂ ಅದಾನ."

ರೋಮಿನಲ್ಲಿ ಆಮೇಲೆ ಏನು ನೋಡಿದೆವೋ ನನಗೆ ನೆನಪಿಲ್ಲ. ಕಾರಂಜಿಯೊಂದಕ್ಕೆ ಎಲ್ಲರೂ ನಾಣ್ಯ ಎಸೆಯುತ್ತಿದ್ದರು, ಮಾವ ಅದಕ್ಕೆ ಬೆನ್ನು ತಿರುಗಿಸಿ ಕೂತಿದ್ದರು. ವಾಪಸು ಬರುವಾಗ ವಿಮಾನದಲ್ಲಿ ತಿಂಡಿ ಕೊಟ್ಟವಳಿಗೆ ಕೈಮುಗಿದದ್ದು ಬಿಟ್ಟರೆ ಅವರು ಅಲುಗಲಿಲ್ಲ. ಮುಂಬಯಿಯಿಂದ ಗಾಡಿ ಮಾಡಿಕೊಂಡು ನಿಪ್ಪಾಣಿಗೆ ಬಂದಾಗ ಬೆಳಗಾಗಿತ್ತು. ಬೋರಗಾಂವದ ಕಡೆ ತಿರುಗಬೇಕಾದಲ್ಲಿ ಮಾವ ಚಾಲಕನ ಹೆಗಲ ಮೇಲೆ ಕೈಯಿಟ್ಟು, ನಡಿ, ರಾಯಬಾಗದ ದಾರಿ ಹಿಡಿ ಎಂದರು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರು ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ಕಾಣಲಿಲ್ಲ, ಬಳೆಗಳು ಮಾತ್ರ ಸದ್ದು ಮಾಡುತ್ತಿದ್ದವು. ನನಗಂತೂ ಐಫೆಲ್ ಗೋಪುರದ ಮುಂದೆ ಆಗದ ಪುಳಕ ಚಿಕ್ಕೋಡಿ ದಾಟುವಾಗ ಆಗುತ್ತಿತ್ತು.

ದಿಗ್ಗೇವಾಡಿಯ ಫಾಟಾ ಬಂತು. ಅಭ್ಯಾಸಬಲದಿಂದ ಅತ್ತೆ ಚೀಲ ಎತ್ತಿಕೊಂಡರು. ಗಾಡಿ ನಿಲ್ಲಲಿಲ್ಲ, ಕಬ್ಬಿನ ನಡುವಿನ ದಾರಿಯಲ್ಲಿ ಒಳಗೆ ಹೋಯಿತು.

ಭೀಮಸಿ ಪೈಲವಾನ ಅಂಗಳದ ನೆಲದ ಮೇಲೆ ಒಂದು ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು ಗೋವಿನಜೋಳದ ತೆನೆ ಬಿಡಿಸುತ್ತಿದ್ದರು. ಕಥೆಯಲ್ಲಿ ಕೇಳಿದ್ದ ಗುಡ್ಡದಂಥ ಮನುಷ್ಯ ಅಲ್ಲ, ಬಿಳಿ ಗಡ್ಡದ, ತೆಳ್ಳಗಾದ ಅಜ್ಜ. ಭುಜ ಮಾತ್ರ ಇನ್ನೂ ಅಗಲ. ಮಾವ ಗಾಡಿಯಿಂದ ಇಳಿದು ಚಪ್ಪಲಿ ಕಳಚಿದರು. ವಿಮಾನದಲ್ಲಿ ಮುದ್ದೆಯಾದ ಧೋತರ, ಒಂದು ಕಡೆ ಜಾರಿದ ಪಟಕಾ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅತ್ತೆಯ ಓಣಿಯ ಹೆಂಗಸರು ಆಗಲೇ ಬಾಗಿಲಿಗೆ ಬಂದಿದ್ದರು.

ಮಾವ ಮಣ್ಣು ಕೇಳಲು ಬಂದಿದ್ದೇನೆ ಎಂದರು. ಕೊಡುವುದಕ್ಕೆ ತಮ್ಮ ಮಣ್ಣು ಈಗ ಕೈಯಲ್ಲಿಲ್ಲ, ದೂರದಲ್ಲಿ ಒಂದು ಕಡೆ ಕೊಟ್ಟು ಬಂದೆ, ಬರಿಗೈಯಲ್ಲಿ ಕೇಳುವುದು ತಪ್ಪು, ಗೊತ್ತು ಎಂದರು. ನಮ್ಮ ಮಾವ ತಪ್ಪು ಎಂಬ ಶಬ್ದವನ್ನು ತಮ್ಮ ಬಗ್ಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಭೀಮಸಿ ಅಜ್ಜ ಕೈಯಲ್ಲಿದ್ದ ತೆನೆಯನ್ನು ಬುಟ್ಟಿಗೆ ಹಾಕಿದರು. ಅಂಗೈ ಒರೆಸಿಕೊಂಡು, ಆ ಬಲಗೈಯನ್ನು ಮೇಲೆತ್ತಿ ಚಾಚಿದರು.

"ಮಣ್ಣ ಆಮ್ಯಾಲ. ಮೊದಲ ಎಬ್ಬಸು."

ಮಾವ ಹೋಗಿ ಆ ಕೈ ಹಿಡಿದರು. ಒಬ್ಬರಿಗೆ ಮೊಣಕಾಲಿಲ್ಲ, ಇನ್ನೊಬ್ಬರಿಗೆ ಸೊಂಟವಿಲ್ಲ. ಮೊದಲ ಎಳೆತಕ್ಕೆ ಇಬ್ಬರೂ ವಾಲಿದರು. ಭರತ ಓಡಲು ಹೊರಟರು, ಅತ್ತೆ ಗಟ್ಟಿಯಾಗಿ ಬೇಡ ಎಂದರು. ಮಾವ ಕಾಲು ಅಗಲಿಸಿ ನಿಂತು, ಹಳೆಯ ಪೈಲವಾನನಂತೆ ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆದರು. ಭೀಮಸಿ ಅಜ್ಜ ಗೋಡೆಯಿಂದ ಮೇಲಕ್ಕೆ ಬಂದು, ಮಾವನ ಹೆಗಲ ಮೇಲೆ ಕೈ ಊರಿ ನಿಂತರು. ಓಣಿಯಲ್ಲಿ ಯಾರೋ ಶಿಳ್ಳೆ ಹಾಕಿದರು. ನನಗೆ ಶಿಳ್ಳೆ ಬರುವುದಿಲ್ಲ, ಬಂದಿದ್ದರೆ ನಾನೇ ಹಾಕುತ್ತಿದ್ದೆ.

ಆಮೇಲೆ ಮಾವ ಹಿಂದೆ ಬಂದು ಅವರ ಬೆನ್ನನ್ನು ಎರಡೂ ಕೈಯಿಂದ ಝಾಡಿಸತೊಡಗಿದರು. ಗೋಡೆಯ ಸುಣ್ಣ, ಜೋಳದ ಹೊಟ್ಟು ಎಲ್ಲ ಹಾರಿತು. ಅದೆಲ್ಲ ಹೋದ ಮೇಲೂ ನಿಲ್ಲಿಸಲಿಲ್ಲ. ಅಂಗಿಯ ಮೇಲೆ ಇನ್ನೇನೂ ಉಳಿದಿರಲಿಲ್ಲ, ಮಾವ ಅಳುತ್ತ ಝಾಡಿಸುತ್ತಲೇ ಇದ್ದರು.

"ಸಾಕ ಬಿಡೋ ಬಾಳ್ಯಾ," ಎಂದರು ಭೀಮಸಿ ಅಜ್ಜ. "ಎಷ್ಟ ಝಾಡಸ್ತಿ? ಬೆನ್ನಿಗೆ ಮಣ್ಣ ಹತ್ತಿರಲಿಲ್ಲ ಅಂತ ನಾ ಅವತ್ತ ಹೇಳೀನಲ್ಲ."